ಅಟ್ಟದ ಮೇಲಿನ ಎರಡು ಬಂಪರ್

ಹೋದ ಭಾನುವಾರ ಉಣಕಲ್ ಕೆರೆ ಹತ್ತಿರ ಗಾಡಿ ನಿಲ್ಲಿಸಿ ಗಿರ್ಮಿಟ್ ತಿನ್ನುತ್ತಿದ್ದೆ. ಕಾಲೇಜು ಹುಡುಗನೊಬ್ಬ ಬಂದು ಕಾರಿನ ಸುತ್ತ ಎರಡು ಸಲ ತಿರುಗಿದ. "ಅಣ್ಣಾ, ಯಾವ ಗಾಡಿರಿ ಇದು? ಫಾರಿನ್ನಾ?" ಪ್ರೀಮಿಯರ್ 118ಎನ್‌ಇ ಅಂದೆ. ನಂಬಲಿಲ್ಲ. "ನಮ್ಮ ಮಾಮಾರ ಕಡೆ ಇತ್ರಿ ಅದು. ಹಿಂಗ ಇರಲಿಲ್ಲ ಬಿಡ್ರಿ," ಅಂತ ಹೇಳಿ ಹೋದ.

ಹುಡುಗ ಹೇಳಿದ್ದು ಸರಿ. ಹಿಂಗ ಇರಲಿಲ್ಲ. ಕಂಪನಿ ಕೊಟ್ಟ ದಪ್ಪ ಕಪ್ಪು ಪ್ಲಾಸ್ಟಿಕ್ ಬಂಪರ್ ಎರಡನ್ನೂ ತೆಗೆದು ತೆಳ್ಳಗಿನ ಕ್ರೋಮ್ ಬಂಪರ್ ಹಾಕಿಸಿದ್ದೇನೆ. ಅಂದಿನಿಂದ ಹಳೇ ಕಾರಿನ ಗೆಳೆಯರಲ್ಲಿ ಅರ್ಧ ಮಂದಿ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಹಳೇ ಗಾಡಿ ಒರಿಜಿನಲ್ ಆಗೇ ಇರಬೇಕು ಅನ್ನೋದು ಅವರ ವಾದ. ಎದುರು ಸಿಕ್ಕಾಗ ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಒಮ್ಮೆಲೇ ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ನಮ್ಮಪ್ಪನದು. 1991ರಲ್ಲಿ ತಗೊಂಡಿದ್ದು, ಕೆಎ-25 ನಂಬರ್. ಅಪ್ಪನದು ಮೆಣಸಿನಕಾಯಿ ದಲಾಲಿ. ಹುಬ್ಬಳ್ಳಿಯಿಂದ ಬ್ಯಾಡಗಿ, ಬ್ಯಾಡಗಿಯಿಂದ ಹುಬ್ಬಳ್ಳಿ, ಇಷ್ಟೇ ಅದರ ಆಯುಷ್ಯ. ಸ್ಯಾಂಪಲ್ ಚೀಲ ಡಿಕ್ಕಿಯಲ್ಲಿ ಇಟ್ಟು ಇಟ್ಟು, ಇವತ್ತಿಗೂ ಬೇಸಿಗೆಯಲ್ಲಿ ಡಿಕ್ಕಿ ತೆಗೆದರೆ ಸೀನು ಬರುತ್ತೆ.

ಆ ಕಾಲಕ್ಕೆ ಅದು ದೊಡ್ಡ ಗಾಡಿ. 1985ರಲ್ಲಿ ಬಂದಾಗ ಪ್ರೀಮಿಯರ್ ಕಂಪನಿಯ ಹಳೇ ಪದ್ಮಿನಿ ಕಾರು ನೋಡಿ ಬೇಸತ್ತ ಜನ ಇದನ್ನ ಬಾಯಿ ಬಿಟ್ಟು ನೋಡ್ತಿದ್ದರಂತೆ. ಎನ್‌ಇ ಅಂದರೆ ನಿಸಾನ್ ಎಂಜಿನ್, 1171 ಸಿಸಿ. ಆದರೆ ಮೈ ಮಾತ್ರ ಹಳೇದು. ಮೂಲ ಇಟಲಿಯ ಫಿಯಟ್ 124, 1966ರ ಗಾಡಿ. ಮರುವರ್ಷವೇ ಯುರೋಪಿನ 'ವರ್ಷದ ಕಾರು' ಅಂತ ಪ್ರಶಸ್ತಿ ತಗೊಂಡಿತ್ತು. ಅದರ ಫೋಟೋ ಹುಡುಕಿ ನೋಡಿ. ಡಬ್ಬದಂಥ ಮೈ, ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆದ ಹಾಗೆ ತೆಳ್ಳಗಿನ ಕ್ರೋಮ್ ಬಂಪರ್. ನಮ್ಮ ದೇಶಕ್ಕೆ ಬರುವ ಹೊತ್ತಿಗೆ ಆ ಗೆರೆ ಹೋಗಿ, ದಿಂಬು ಕಟ್ಟಿದ ಹಾಗೆ ಕಪ್ಪು ಪ್ಲಾಸ್ಟಿಕ್ ಬಂದು ಕೂತಿತ್ತು.

ಈ ದಪ್ಪ ಬಂಪರಿನ ಕಥೆ ಅಮೆರಿಕದಿಂದ ಶುರುವಾಗುತ್ತೆ. 1973ರ ಮಾಡೆಲ್‌ಗಳಿಂದ ಅಲ್ಲಿ ಹೊಸ ನಿಯಮ ಬಂತು. ಗಂಟೆಗೆ 5 ಮೈಲಿ, ಅಂದರೆ ಸುಮಾರು 8 ಕಿ.ಮೀ. ವೇಗದಲ್ಲಿ ಮುಂಭಾಗ ಗೋಡೆಗೆ ಗುದ್ದಿದರೂ ಲೈಟು, ಪೆಟ್ರೋಲ್ ವ್ಯವಸ್ಥೆ ಹಾಳಾಗಬಾರದು. ಹಿಂಭಾಗಕ್ಕೆ ಮೊದಲು ಎರಡೂವರೆ ಮೈಲಿ, ಮರುವರ್ಷ ಅದಕ್ಕೂ ಐದು. ಗಮನಿಸಿ, ಇದು ಜೀವ ಉಳಿಸುವ ಲೆಕ್ಕ ಅಲ್ಲ. ಪಾರ್ಕಿಂಗ್‌ನಲ್ಲಿ ಗುದ್ದಿಕೊಂಡಾಗ ಆಗುವ ಖರ್ಚಿನ ಲೆಕ್ಕ. ಎಷ್ಟೋ ಚಂದದ ಗಾಡಿಗಳ ಮುಖ ಕೆಟ್ಟಿದ್ದು ಆಗಲೇ. ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ 1974ರ ಕೊನೆಗೆ ಕಪ್ಪು ರಬ್ಬರ್ ಬಂಪರ್ ಬಂತು. ಅಮೆರಿಕದ ಎತ್ತರದ ನಿಯಮಕ್ಕಾಗಿ ಇಡೀ ಗಾಡಿಯನ್ನೇ ಒಂದಿಷ್ಟು ಮೇಲೆತ್ತಿದರು. ಸ್ಪೋರ್ಟ್ಸ್ ಕಾರು! 1983ರ ಮಾಡೆಲ್‌ಗಳ ಹೊತ್ತಿಗೆ ಅಮೆರಿಕ ಆ ವೇಗವನ್ನು ಅರ್ಧಕ್ಕೆ ಇಳಿಸಿಯಾಗಿತ್ತು. ಈಗ ಎಂಜಿಬಿ ಇಟ್ಟುಕೊಂಡವರು ರಬ್ಬರ್ ಕಿತ್ತು ಕ್ರೋಮ್ ಹಾಕಿಸುತ್ತಾರೆ. ಹಳೇ ಬೆಂಜ್ ಎಸ್‌ಎಲ್ ಕಾರು ಇಟ್ಟುಕೊಂಡ ಅಮೆರಿಕದವರು ಯುರೋಪಿನ ಸಣ್ಣ ಬಂಪರ್ ತರಿಸಿಕೊಳ್ಳುತ್ತಾರೆ.

ನಮ್ಮ 118ಎನ್‌ಇಗೆ ಅಂಥ ನಿಯಮದ ಒತ್ತಡ ಏನಿತ್ತು? ನನಗನಿಸೋದು, ಎಂಬತ್ತರ ದಶಕದಲ್ಲಿ ಕಪ್ಪು ಪ್ಲಾಸ್ಟಿಕ್ ಅಂದರೆ ಹೊಸತು, ಕ್ರೋಮ್ ಅಂದರೆ ಅಜ್ಜನ ಕಾಲದ್ದು ಅನ್ನೋ ಭಾವನೆ. ಅಷ್ಟೇ. ಹಾಗಿದ್ದರೆ ಅದನ್ನ ದೇವರು ಕೊಟ್ಟ ಅಂಗ ಅನ್ನೋ ಹಾಗೆ ಕಾಪಾಡಬೇಕಾ? 'ಒರಿಜಿನಲ್' ಅನ್ನೋ ಗೆಳೆಯರಿಗೆ ನನ್ನ ಪ್ರಶ್ನೆ ಇದು. ನಿಮ್ಮ ಗಾಡಿಯ ಸೀಟ್ ಕವರ್ ಒರಿಜಿನಲ್ಲಾ? ಹಾರ್ನ್? ಒಬ್ಬರ ಪದ್ಮಿನಿಯಲ್ಲಿ ಬ್ಲೂಟೂತ್ ಸ್ಪೀಕರ್ ಇದೆ, ಹೆಸರು ಹೇಳಲ್ಲ.

ಆದರೆ ಇನ್ನೊಂದು ಕಡೆಯವರನ್ನೂ ಬಿಡಲ್ಲ. ಮೊದಲು ನಾನು ಹೋಗಿದ್ದು ಗೋಕುಲ ರೋಡಿನ ಒಂದು ಗ್ಯಾರೇಜಿಗೆ. ಟಿಂಕರ್ ಬಂಪರ್ ಮೇಲೆ ಬೆರಳಿಂದ ಗೆರೆ ಎಳೆದು, "ಸಾಹೇಬ್ರ, ಇಲ್ಲಿಗೆ ಕೊಯ್ದು ಸಣ್ಣ ಮಾಡಿಬಿಡ್ಲೇನ್ರಿ? ಎರಡು ತಾಸಿನ ಕೆಲಸ," ಅಂದ. ಕೈಯಲ್ಲಿ ಗ್ರೈಂಡರ್ ಆಗಲೇ ಇತ್ತು. ನಾನು ಗಾಡಿ ರಿವರ್ಸ್ ತಗೊಂಡು ಬಂದೆ. ಕೊಯ್ದ ಪ್ಲಾಸ್ಟಿಕ್ ಮತ್ತೆ ಕೂಡಲ್ಲ. ಈ ಗಾಡಿಯ ಬಂಪರ್ ಈಗ ಗುಜರಿಯಲ್ಲೂ ಸಿಗೋದು ಕಷ್ಟ. ನಾಳೆ ನನ್ನ ಮಗಳಿಗೆ ಕಪ್ಪು ಬಂಪರೇ ಚಂದ ಅನಿಸಿದರೆ? ಗಾಡಿಯ ಮೈಗೆ ಹೊಸ ತೂತು ಕೊರೆಯದೆ, ಹಳೇ ಬೋಲ್ಟ್ ಜಾಗದಲ್ಲೇ ಹೊಸದು ಕೂರಬೇಕು, ಅರ್ಧ ದಿನದಲ್ಲಿ ಹಳೇದು ವಾಪಸ್ ಹಾಕುವಂತಿರಬೇಕು. ನಾನು ಹಾಕಿಕೊಂಡ ಷರತ್ತು ಇದೊಂದೇ.

ಕೊನೆಗೆ ಸಿಕ್ಕಿದ್ದು ತಾರಿಹಾಳದ ಕಡೆ ಟ್ರಕ್ ಬಾಡಿ ಕಟ್ಟುವ ಒಬ್ಬ ಮೇಸ್ತ್ರಿ. ವಯಸ್ಸಾದವರು, ಎಲ್ಲರೂ ಚಾಚಾ ಅಂತಾರೆ. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮೊದಲ ದಿನ ಏನೂ ಮಾಡಲಿಲ್ಲ, ಸುಮ್ನೆ ನೋಡಿದರು. ಎರಡನೇ ದಿನ ಟಿವಿ ಬಂದ ರಟ್ಟಿನ ಡಬ್ಬ ಕತ್ತರಿಸಿ, ಗಾಡಿ ಮುಖಕ್ಕೆ ಹಿಡಿದು ಹಿಡಿದು ಆಕಾರ ತೆಗೆದರು. 16 ಗೇಜ್ ದಪ್ಪದ ತಗಡನ್ನು ಒಂದು ಪೈಪಿನ ಮೇಲೆ ಇಟ್ಟು ಮರದ ಸುತ್ತಿಗೆಯಿಂದ ಬಗ್ಗಿಸಿದರು. ನೇರ ಭಾಗ ಒಂದು ಮಧ್ಯಾಹ್ನಕ್ಕೆ ಮುಗೀತು. ಮೂಲೆ ತಿರುಗಿಸೋಕೆ ನಾಲ್ಕು ದಿನ. ಸಣ್ಣ ಸಣ್ಣ ಸೀಳು ಮಾಡಿ, ಬಗ್ಗಿಸಿ, ವೆಲ್ಡ್ ಮಾಡಿ, ತಿಕ್ಕಿ, ಮತ್ತೆ ಬಿಸಿಲಿಗೆ ಹಿಡಿದು ನೋಡೋದು. ತುದಿಯನ್ನು ಒಳಗೆ ಸುತ್ತಿ ಮಡಚಿದರು. "ಮಂದಿ ಕಾಲಿಗೆ ತಾಗಿದ್ರ ಕೊಯ್ಯಬಾರದು ನೋಡ್ರಿ," ಅಂದರು. ನಾನು ಕೇಳಿರಲಿಲ್ಲ.

ಪ್ಲೇಟಿಂಗ್ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಆಯ್ತು. ಕ್ರೋಮ್ ಅಂದರೆ ಮೇಲೆ ಬಳಿಯೋ ಬಣ್ಣ ಅಂತ ನಾನು ತಿಳಿದಿದ್ದೆ. ಅಲ್ಲ. ಮೊದಲು ತಾಮ್ರ, ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ತೀರಾ ತೆಳ್ಳಗೆ ಕ್ರೋಮ್. ಹೊಳಪಿನ ಬಹುಪಾಲು ಒಳಗಿನ ನಿಕ್ಕಲಿನದು. ಕ್ರೋಮ್ ಯಾವ ತಪ್ಪನ್ನೂ ಮುಚ್ಚಲ್ಲ, ಎತ್ತಿ ತೋರಿಸುತ್ತೆ. ಬಲ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಒಂದು ತಗ್ಗು ಉಳಿದಿದೆ. ಸಂಜೆ ಬಿಸಿಲಿಗೆ ನನಗೆ ಅದೊಂದೇ ಕಾಣುತ್ತೆ.

ಕಾನೂನು ಕೇಳುವವರಿಗೆ: ಗಾಡಿಯ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮಾರ್ಪಾಡಿನ ಬಗ್ಗೆ ಬಿಗಿಯಾಗಿಯೇ ಹೇಳಿದೆ. ಹಾಗಾಗಿ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಆದರೆ ನನ್ನ ಬಂಪರ್ ಬಗ್ಗೆ ಪಾಠ ಹೇಳಿದವರೊಬ್ಬರ ಎಸ್‌ಯುವಿ ಮುಂದೆ ಎಮ್ಮೆ ಕಟ್ಟುವಷ್ಟು ದಪ್ಪ ಕಬ್ಬಿಣದ ಗಾರ್ಡ್ ಇತ್ತು. ಆ ಗಾರ್ಡುಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ನಡೆದು ಹೋಗುವವರಿಗೆ ಅಪಾಯ ಅಂತ.

ಇನ್ನು ಅಪ್ಪ. ಗಾಡಿ ಮನೆಗೆ ಬಂದ ದಿನ ಕಟ್ಟೆ ಮೇಲೆ ಕೂತು ಬಹಳ ಹೊತ್ತು ನೋಡಿದರು. "ಹಲ್ಲಿನ ಸೆಟ್ ತಗದಿಟ್ಟಂಗ ಕಾಣಾಕತ್ತೈತಿ," ಅಂದರು. ಎಂಬತ್ತೊಂದು ವರ್ಷದ ಅವರು ಸ್ವಂತ ಸೆಟ್ ತೆಗೆದಿಟ್ಟೇ ಹೇಳಿದರು. ಈ ಸಲ ಖಂಡೇಪೂಜೆಗೆ ಅಟ್ಟದಿಂದ ಕಪ್ಪು ಬಂಪರ್ ಎರಡನ್ನೂ ಇಳಿಸು ಅಂದರು. ಗಾಡಿ ಪಕ್ಕದಲ್ಲಿ ಗೋಣಿಚೀಲ ಹಾಸಿ ಮಲಗಿಸಿ, ಅವಕ್ಕೂ ವಿಭೂತಿ ಹಚ್ಚಿ ಚೆಂಡು ಹೂವು ಇಟ್ಟರು. ಹೊಸದಕ್ಕೆ ನಾನೇ ಇಟ್ಟೆ.

ಈಗ ಒಪ್ಪಿಕೊಳ್ಳಬೇಕಾದ ಒಂದು ವಿಷಯ. ತೆಳ್ಳಗಿನ ಬಂಪರ್ ಗಾಡಿಯ ಮೈಗೆ ಹತ್ತಿರ ಕೂರುತ್ತೆ, ಸಂದು ಮೂರು ಬೆರಳಿನಷ್ಟೇ. ಮೊನ್ನೆ ಕೇಶ್ವಾಪುರದ ಓಣಿಯಲ್ಲಿ ರಿವರ್ಸ್ ತಗೊಳ್ಳುವಾಗ ಕಂಪೌಂಡ್ ಗೋಡೆಗೆ ತಾಗಿಸಿದೆ. ಜೋರಾಗಿ ಅಲ್ಲ, ನಡೆಯುವ ವೇಗ. ಬಂಪರ್ ಮೂಲೆ ಒಳಗೆ ಹೋಗಿ ಎಡಗಡೆಯ ಟೇಲ್ ಲ್ಯಾಂಪ್ ಗ್ಲಾಸ್ ಒಡೀತು. ಹಳೇ ಪ್ಲಾಸ್ಟಿಕ್ ಇದ್ದಿದ್ದರೆ ಒಂದು ಗೀರು ಬಿದ್ದು ಮುಗೀತಿತ್ತು. ಅಮೆರಿಕದವರ ಲೆಕ್ಕ ನನಗೆ ಅರ್ಥವಾಗಿದ್ದು ಆ ಗೋಡೆ ಹತ್ತಿರ. ಆದರೂ ಕ್ರೋಮ್ ತೆಗೆಯಲ್ಲ.

118ಎನ್‌ಇ ಎಡಗಡೆಯ ಟೇಲ್ ಲ್ಯಾಂಪ್ ಗ್ಲಾಸ್ ಗದಗ, ಹಾವೇರಿ, ಎಲ್ಲಾದರೂ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ. ಸ್ವಲ್ಪ ಬೇಗ. ಅಪ್ಪ ಇನ್ನೂ ಗಾಡಿಯ ಹಿಂದೆ ಹೋಗಿ ನೋಡಿಲ್ಲ.