ಅಳೆಯುವವರಿಗೆ ಸಮಾಧಾನಕರ ಬಹುಮಾನ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ಅಕ್ಕನ ಮಗಳ ಶಾಲೆಯಲ್ಲಿ ವಿಜ್ಞಾನ ದಿನ. ಥರ್ಮಾಕೋಲಿನ ಜ್ವಾಲಾಮುಖಿಗೆ ಮೊದಲ ಬಹುಮಾನ. ಅಡುಗೆ ಸೋಡಾ, ವಿನೆಗರ್, ಕೆಂಪು ಬಣ್ಣ, ಬುಸ್! ಮುಖ್ಯ ಅತಿಥಿಗಳ ಬಿಳಿ ಪಂಚೆಗೂ ಒಂದಿಷ್ಟು ಲಾವಾ ಸಿಡಿಯಿತು. (ಇಡೀ ದಿನದಲ್ಲಿ ನನಗೆ ಸಿಕ್ಕ ಸಂತೋಷ ಅದೊಂದೇ.) ಮೂಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಬಾವಿಗೆ ಮೂರು ತಿಂಗಳು ಹಗ್ಗ ಇಳಿಸಿ, ನೀರು ಎಷ್ಟು ಕೆಳಗೆ ಹೋಯಿತು ಅಂತ ದಿನದಿನದ ಲೆಕ್ಕ ಬರೆದು ಅಂಟಿಸಿದ್ದಳು. ಗೇಣಿಗೊಂದು ಗಂಟು ಹಾಕಿದ ಆ ಹಗ್ಗವನ್ನೂ ಸುರುಳಿ ಸುತ್ತಿ ಪಕ್ಕಕ್ಕಿಟ್ಟಿದ್ದಳು. ತೀರ್ಪುಗಾರರು ಅಲ್ಲಿ ನಿಂತದ್ದು ಅರ್ಧ ನಿಮಿಷ. ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ಬಟ್ಟಲು.

ಆಮೇಲೆ ಭಾಷಣ. "ಮಕ್ಕಳೇ, ಯಾವಾಗಲೂ ಮೊದಲಿಗರಾಗಿ. ಉತ್ತರ ಧ್ರುವಕ್ಕೆ ಎರಡನೆಯವನಾಗಿ ಹೋದವನ ಹೆಸರು ಯಾರಿಗಾದರೂ ಗೊತ್ತಾ?"

ಭೂಗೋಳದ ಮೇಡಂ ಎದುರಿಗೆ ಕೂತಿದ್ದಾಗ ಧ್ರುವದ ಉದಾಹರಣೆ ಕೊಡಬಾರದು ಸ್ವಾಮಿ. ನನ್ನ ಹಿಮದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಫ್ರಿಜ್ಜಿನಲ್ಲಿ ಬಿಟ್ಟು ಬೇರೆಲ್ಲೂ ಹಿಮ ನೋಡದವಳ ಹುಚ್ಚು.

1968ರ ಫೆಬ್ರವರಿಯಲ್ಲಿ ನಾಲ್ಕು ಜನ ಅಲಾಸ್ಕದ ಪಾಯಿಂಟ್ ಬ್ಯಾರೋದಿಂದ ನಾಯಿಗಾಡಿ ಕಟ್ಟಿಕೊಂಡು ಹೊರಟರು. ವಾಲಿ ಹರ್ಬರ್ಟ್ ನಾಯಕ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು, ಚಳಿಗಾಲವನ್ನೆಲ್ಲ ತೇಲುವ ಮಂಜಿನ ಮೇಲೇ ಕಳೆದು, 1969ರ ಏಪ್ರಿಲ್‌ನಲ್ಲಿ ಧ್ರುವ ಮುಟ್ಟಿ, ಮೇ ಕೊನೆಗೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಅಂಚು ತಲುಪಿದರು. ಹದಿನೈದು ತಿಂಗಳು! ಆರ್ಕ್ಟಿಕ್ ಸಾಗರವನ್ನು ಮಂಜಿನ ಮೇಲೆ ಈ ದಡದಿಂದ ಆ ದಡಕ್ಕೆ ದಾಟಿದ ಮೊದಲಿಗರು ಇವರೇ. ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ, ಇವರ ಸುದ್ದಿ ಮೂಲೆ ಸೇರಿತು. ಮೊದಲಿಗರಾದರೂ ಗತಿ ಅಷ್ಟೇ ನೋಡಿ.

ನನ್ನ ಮನುಷ್ಯ ಹರ್ಬರ್ಟ್ ಅಲ್ಲ. ಅದೇ ತಂಡದ ಹಿಮವಿಜ್ಞಾನಿ ರಾಯ್ ಕೋರ್ನರ್, ಎಲ್ಲರ ಬಾಯಲ್ಲಿ ಫ್ರಿಟ್ಜ್. ಹುಟ್ಟಿದ್ದು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ, ನೆಲೆ ನಿಂತದ್ದು ಕೆನಡಾದಲ್ಲಿ. ಉಳಿದವರು ದಾರಿ ನೋಡುತ್ತಿದ್ದರೆ ಈ ಪುಣ್ಯಾತ್ಮ ದಾರಿಯುದ್ದಕ್ಕೂ ಮಂಜು ಎಷ್ಟು ದಪ್ಪ ಇದೆ ಅಂತ ಅಳೆಯುತ್ತಾ ಹೋದ. ಬೆರಳು ಮರಗಟ್ಟುವ ಚಳಿಯಲ್ಲಿ ಬಾಗಿ, ಅಳೆದು, ಬರೆದುಕೊಂಡು, ಮತ್ತೆ ನಡೆದು. ಆರ್ಕ್ಟಿಕ್ ಮಂಜು ತೆಳ್ಳಗಾಗುತ್ತಿದೆ ಅಂತೀವಲ್ಲ, "ಆಗ ಎಷ್ಟಿತ್ತು" ಅಂತ ಒಬ್ಬ ಬರೆದಿಟ್ಟಿದ್ದರೆ ತಾನೇ "ಈಗ ಎಷ್ಟು ಕಮ್ಮಿ" ಅನ್ನುವ ಮಾತು?

ಕೆನಡಾದ ದೂರದ ಉತ್ತರದ ಡೆವನ್ ದ್ವೀಪದ ಐಸ್ ಕ್ಯಾಪ್‌ನಲ್ಲಿ (ನೆಲವನ್ನು ಟೋಪಿಯಂತೆ ಮುಚ್ಚಿದ ಮಂಜಿನ ರಾಶಿ) ಇನ್ನೂ ನೀರಸವಾದ ಕೆಲಸ. ಮಂಜಿಗೆ ತೂತು ಕೊರೆದು ಗೂಟ ನೆಡುವುದು, ವರ್ಷ ಬಿಟ್ಟು ಬಂದು ಗೂಟ ಎಷ್ಟು ಹೊರಗೆ ಕಾಣುತ್ತಿದೆ ಅಂತ ನೋಡುವುದು. ಬಿದ್ದ ಹಿಮ ಎಷ್ಟು, ಕರಗಿದ್ದೆಷ್ಟು, ಕೂಡಿ ಕಳೆದರೆ ಆ ವರ್ಷದ ಜಮಾಖರ್ಚು. 1961ರಿಂದ ಶುರುವಾದ ಲೆಕ್ಕ, ಎಪ್ಪತ್ತು ದಾಟಿದ ಮೇಲೂ ಹೋಗಿ ಅಳೆಯುತ್ತಿದ್ದ. ಆಳದಿಂದ ಕೊರೆದು ತೆಗೆದ ಮಂಜಿನ ಕಂಬಗಳಲ್ಲಿ ಗುಳ್ಳೆಯಿಲ್ಲದ, ಗಾಜಿನಂಥ ಪಟ್ಟಿಗಳನ್ನು ಹುಡುಕುತ್ತಿದ್ದ. ಬೇಸಿಗೆ ಬಿಸಿಯಾದ ವರ್ಷ ಮೇಲಿನ ಹಿಮ ಕರಗಿ, ಕೆಳಗಿಳಿದು, ಮತ್ತೆ ಗಟ್ಟಿಯಾದ ಗುರುತು ಅದು. ಅಂಥ ಪಟ್ಟಿ ಎಣಿಸಿಯೇ ಸಾವಿರಾರು ವರ್ಷಗಳ ಬೇಸಿಗೆಯ ಕಥೆ ಓದಿದ್ದು.

"ಈಗ ಉಪಗ್ರಹ ಇದೆಯಲ್ಲ ಮೇಡಂ, ಗೂಟ ಯಾಕೆ?" ಅಂತ ಕಾಮೆಂಟ್ ಹಾಕೋಕೆ ಬೆರಳು ಎತ್ತಿದ ಇಂಜಿನಿಯರ್ ಮಿತ್ರರೇ, ಸ್ವಲ್ಪ ತಡೀರಿ. 1961ರಲ್ಲಿ ನಿಮ್ಮ ಉಪಗ್ರಹ ಎಲ್ಲಿತ್ತು? ಇವತ್ತಿಗೂ ಅದು ಹೇಳಿದ್ದು ನಿಜವೋ ಅಂತ ತಾಳೆ ನೋಡೋಕೆ ಯಾರಾದರೂ ಕೆಳಗಿಳಿದು ಕೋಲು ಹಿಡಿಯಲೇಬೇಕು. ಡೆವನ್ ಮಂಜಿನ ಮೇಲೂ ಹಾಗೆ ತಾಳೆ ನೋಡಿದ್ದಾರೆ. ಮುಗೀತು.

ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡ್ತೀನಿ. ನಮ್ಮ ಅಪ್ಪಯ್ಯ ಕೊಪ್ಪದ ತೋಟದಲ್ಲಿ ಮೂವತ್ತೊಂದು ವರ್ಷ ಬೆಳಿಗ್ಗೆ ಎದ್ದವರೇ ರೈನ್‌ಗೇಜಿನ ನೀರು ಅಳೆದು ಡೈರಿಗೆ ಬರೆಯುತ್ತಿದ್ದರು. "ನಿಮ್ಮಲ್ಲಿ ಎಷ್ಟು ಸೆಂಟು?" ಅಂತ ಪಕ್ಕದ ತೋಟದವರಿಗೆ ಫೋನು. (ನೂರು ಸೆಂಟು ಅಂದರೆ ಒಂದು ಇಂಚು ಮಳೆ.) ಜ್ವರವಿದ್ದರೂ ಕೊಡೆ ಹಿಡಿದು ಹೋಗುತ್ತಿದ್ದರು, ನಾವು ನಗುತ್ತಿದ್ದೆವು. ಅವರು ಹೋದ ಮರುವರ್ಷ ಮನೆ ಸುಣ್ಣ ಬಳಿಸುವಾಗ ಆ ಡೈರಿಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿದ್ದು ಯಾರು? ನಾನೇ. ಭೂಗೋಳದ ಮೇಡಂ.

ಆ ಸಿಟ್ಟೆಲ್ಲ ಪಾಪ ಆ ಅತಿಥಿಯ ಮೇಲೆ ತಿರುಗಿದೆ ಅನ್ನಿ, ಪರವಾಗಿಲ್ಲ.

ಕೋರ್ನರ್ ಕೊನೆಯ ವರ್ಷಗಳಲ್ಲಿ 'ಸ್ಟೂಡೆಂಟ್ಸ್ ಆನ್ ಐಸ್' ಅನ್ನುವ ಕೆನಡಾದ ಕಾರ್ಯಕ್ರಮದಲ್ಲಿ ಹೈಸ್ಕೂಲ್ ಮಕ್ಕಳ ಜೊತೆ ಹಡಗು ಹತ್ತುತ್ತಿದ್ದ. ಧ್ರುವ ಕಂಡ ಮುದುಕ, ಸನ್ಮಾನಕ್ಕೆ ಹಾರ ಹಾಕಿಸಿಕೊಂಡು ಓಡಾಡಬಹುದಿತ್ತು. 2008ರಲ್ಲಿ ತೀರಿಕೊಂಡ.

ಕಾರ್ಯಕ್ರಮ ಮುಗಿದ ಮೇಲೆ ಬಾವಿಯ ಹುಡುಗಿಯ ಹತ್ತಿರ ಹೋದೆ. ಹಾಳೆಯಲ್ಲಿ ಅಲ್ಲಲ್ಲಿ ಖಾಲಿ ಜಾಗ. "ಇದೇನೇ ಪುಟ್ಟಿ?" ಅಂದೆ.

"ಭಾನುವಾರ ಗೇಟಿಗೆ ಬೀಗ ಇರುತ್ತೆ ಆಂಟಿ. ಅಳೀದೆ ಹೆಂಗೆ ಬರೆಯೋದು?"

ಮುಂದಿನ ವಾರದಿಂದ ಪರೀಕ್ಷೆಯಲ್ಲವಾ, ಯಾರು ಅಳೀತಾರೆ ಅಂತ ಕೇಳಿದೆ. ಬಟ್ಟಲು ಚೀಲಕ್ಕೆ ತುರುಕುತ್ತಾ, ಆರನೇ ಕ್ಲಾಸಿನ ಒಬ್ಬ ಹುಡುಗನ ಕಡೆ ಗಲ್ಲ ತೋರಿಸಿದಳು. ಅವನು ಆಗಲೇ ಹಗ್ಗ ಬಿಚ್ಚಿ ಗಂಟು ಎಣಿಸುತ್ತಿದ್ದ. ತಪ್ಪಾಗಿ. "ಲೋ, ಮೊದಲನೇ ಗಂಟು ಸೊನ್ನೆ ಕಣೋ," ಅಂತ ಇವಳು ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು.