ಆ ಪಾಳು ಬಂಗಲೆ ಕಾರವಾರದ್ದಲ್ಲ

‘ಯುದ್ಧದಲ್ಲಿ ಹಾಳಾದ ಕಾರವಾರದ ಇಂಗ್ಲಿಷರ ಬಂಗಲೆ’ ಅಂತ ಒಂದು ಫೋಟೋ ಓಡಾಡುತ್ತಿದೆ. ನಾನೂ ನಂಬಿ ಶಿರಸಿಯ ಎರಡು ಗುಂಪಿಗೆ ಕಳಿಸಿದ್ದೆ. ತಪ್ಪಾಯಿತು, ಕ್ಷಮಿಸಿ.

ಅದು ಲಖನೌದ ರೆಸಿಡೆನ್ಸಿ, ಅಂದರೆ ಅಲ್ಲಿನ ಬ್ರಿಟಿಷ್ ಪ್ರತಿನಿಧಿಯ ನಿವಾಸ. 1857ರ ಜೂನ್ ಕೊನೆಯಿಂದ ನವೆಂಬರ್‌ವರೆಗೆ ದಂಗೆ ಎದ್ದ ಸಿಪಾಯಿಗಳು ಅದನ್ನು ಮುತ್ತಿದ್ದರು. ಒಳಗಿದ್ದ ಬ್ರಿಟಿಷ್ ಮುಖ್ಯಾಧಿಕಾರಿ ಹೆನ್ರಿ ಲಾರೆನ್ಸ್ ಗಾಯಗೊಂಡು ಜುಲೈ 4ರಂದು ತೀರಿಕೊಂಡರು. ಗೋಡೆಯ ತೂತುಗಳು ಆಗಿನ ಫಿರಂಗಿ ಗುಂಡಿನವು. ಫೋಟೋ ದೊಡ್ಡದು ಮಾಡಿ ನೋಡಿ, ಲಖನೌ ಕಡೆಯ ಹಳೇ ಕಟ್ಟಡಗಳಲ್ಲಿರುವ ತೆಳ್ಳಗಿನ ಲಖೌರಿ ಇಟ್ಟಿಗೆ ಕಾಣುತ್ತದೆ. ನಮ್ಮ ಕರಾವಳಿಯ ಹಳೇ ಗೋಡೆ ಅಂದರೆ ಚಿರೆಕಲ್ಲು, ಅಲ್ವಾ?

17ನೇ ಶತಮಾನದಲ್ಲಿ ಕಾರವಾರದಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇದ್ದದ್ದು ನಿಜ. ಆದರೆ ಈ ಚಿತ್ರ ಅದರದ್ದಲ್ಲ. ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.