ಮುದ್ದೆಗೆ ಬಡ್ತಿ ಸಿಕ್ಕಿತು

ಕಳೆದ ತಿಂಗಳು ಅಮ್ಮನನ್ನು ಬೆಂಗಳೂರಿನ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಮೆನು ಕಾರ್ಡು ಪಂಚಾಂಗಕ್ಕಿಂತ ದಪ್ಪ. ಅದರಲ್ಲಿ ‘ಹೆರಿಟೇಜ್ ಫಿಂಗರ್ ಮಿಲೆಟ್ ಡಂಪ್ಲಿಂಗ್ ವಿತ್ ಹಾರ್ಸ್‌ಗ್ರಾಮ್ ಬ್ರಾತ್’ ಅಂತ ಒಂದು ಸಾಲು. 420 ರೂಪಾಯಿ, ತೆರಿಗೆ ಬೇರೆ. ಇಷ್ಟುದ್ದ ಹೆಸರು ಇಟ್ಟುಕೊಂಡಿದೆ, ಏನೋ ಫಾರಿನ್ ಐಟಂ ಇರಬೇಕು ಅಂತ ಅದನ್ನೇ ತರಲು ಹೇಳಿಬಿಟ್ಟೆ.

ಬಂತು. ಮೊರದಷ್ಟು ಅಗಲದ ಬಿಳಿ ತಟ್ಟೆ. ನಡುವೆ ನಿಂಬೆಹಣ್ಣಿನ ಗಾತ್ರದ ಒಂದು ಕಪ್ಪು ಉಂಡೆ. ಅದರ ನೆತ್ತಿ ಮೇಲೆ ಎರಡು ಎಲೆ ಸೊಪ್ಪು. ಸುತ್ತ ಮೂರು ಕಡೆ ಹುರುಳಿ ಸಾರಿನ ಬೊಟ್ಟು. ಪಕ್ಕದಲ್ಲಿ ಚಾಕು, ಫೋರ್ಕು.

ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿದಳು. “ಇದ್ಯಾಕೋ, ಮುದ್ದೆಗೆ ಹುಷಾರಿರಲಿಲ್ವಾ? ಹಿಂಗೆ ಸೊರಗಿ ಹೋಗಿದೆ!”

ಬಡಿಸಿದ ಹುಡುಗ ವಿನಯದಿಂದ ಬಗ್ಗಿ, “ಚೆನ್ನಾಗಿ ಅಗಿದು ತಿನ್ನಿ ಮೇಡಂ, ಫೈಬರ್ ಜಾಸ್ತಿ” ಅಂದ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಮುದ್ದೆ ಅಗಿಯೋರ ಮನೆಗೆ ನಮ್ಮಪ್ಪ ಹೆಣ್ಣೇ ಕೊಡ್ತಿರಲಿಲ್ಲ ಕಣಪ್ಪ” ಅಂದು, ಚಾಕು ಪಕ್ಕಕ್ಕೆ ಸರಿಸಿ, ಒಂದೇ ತುತ್ತಿಗೆ ನುಂಗಿದಳು. 420 ರೂಪಾಯಿ ಗಂಟಲಿಂದ ಕೆಳಗಿಳಿಯಲು ಎರಡು ಸೆಕೆಂಡೂ ಹಿಡಿಯಲಿಲ್ಲ.

ನಾನು ಸುಮ್ನೆ ಕೂತು ಲೆಕ್ಕ ಹಾಕಿದೆ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕೆಜಿಗೆ 48 ರೂಪಾಯಿ 86 ಪೈಸೆ. ಆ ಉಂಡೆಯಲ್ಲಿ 40 ಗ್ರಾಂ ಹಿಟ್ಟು ಇತ್ತು ಅಂತಲೇ ಇಟ್ಟುಕೊಳ್ಳಿ, ರೈತನ ಪಾಲು ಎರಡು ರೂಪಾಯಿಗೆ ಐದು ಪೈಸೆ ಕಮ್ಮಿ. ಉಳಿದ 418 ರೂಪಾಯಿ ಆ ಹೆಸರಿನದು. ಇಂಗ್ಲಿಷಿನಲ್ಲಿ ಅಷ್ಟುದ್ದ ಹೆಸರಿಡೋಕೆ ಖರ್ಚಾಗಲ್ವಾ?

ಹೆಸರಿನ ವಿಷಯಕ್ಕೆ ಬಂದರೆ, ರಾಗಿಯಷ್ಟು ಬಡ್ತಿ ಪಡೆದ ಸರ್ಕಾರಿ ನೌಕರ ಇನ್ನೊಬ್ಬನಿಲ್ಲ. ಬಹಳ ಕಾಲ ಅದು ಕಡತದಲ್ಲಿ ‘ಒರಟು ಧಾನ್ಯ’. ಜೋಳ, ಸಜ್ಜೆ, ನವಣೆ, ಸಾಮೆ ಎಲ್ಲವೂ ಅದೇ ಬೆಂಚಿನಲ್ಲಿ. ಕನ್ನಡದಲ್ಲೂ ನಾವೇನು ಕಮ್ಮಿ? ಪುಟ್ಟ ಕಾಳುಗಳನ್ನು ‘ತೃಣಧಾನ್ಯ’ ಅಂದೆವು, ಅಂದರೆ ಹುಲ್ಲಿನ ಕಾಳು. ಆಮೇಲೆ ಯಾರಿಗೋ ಮುಜುಗರವಾಗಿ ‘ಸಿರಿಧಾನ್ಯ’ ಆಯಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ‘ನ್ಯೂಟ್ರಿ ಸೀರಿಯಲ್’ ಅಂತ ಕರೆಯಿತು. 2023 ಇಡೀ ಜಗತ್ತಿಗೇ ಸಿರಿಧಾನ್ಯ ವರ್ಷ, ವಿಶ್ವಸಂಸ್ಥೆಯ ಲೆಕ್ಕದಲ್ಲಿ. ಅದೇ ವರ್ಷದ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಇವಕ್ಕೆಲ್ಲ ‘ಶ್ರೀ ಅನ್ನ’ ಅಂದರು.

ಹಿಂದಿಯವರಿಗೆ ಅನ್ನ ಅಂದರೆ ಧಾನ್ಯ, ಆಹಾರ. ಅವರದೇನೂ ತಪ್ಪಿಲ್ಲ. ಆದರೆ ನಮಗೆ ಅನ್ನ ಅಂದರೆ ಅಕ್ಕಿ ಬೇಯಿಸಿದ್ದು! ಜೀವಮಾನವೆಲ್ಲ ಎದುರುಮನೆಯವನ ಜತೆ ಗುದ್ದಾಡಿದ ಮನುಷ್ಯನಿಗೆ ಶಾಲು ಹೊದಿಸಿ, ಹಾರ ಹಾಕಿ, ಎದುರುಮನೆಯವನ ಹೆಸರನ್ನೇ ಇಟ್ಟು ಸನ್ಮಾನ ಮಾಡಿದಂತಾಯಿತು.

ಈ ಜಗಳ ಇವತ್ತಿನದಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಟಾಪಟಿ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸಿದ. ಹೊರಗೆ ಬಂದಾಗ ಭತ್ತ ಕಂಗೆಟ್ಟಿತ್ತು, ರಾಗಿ ಗುಂಡಗೆ ಗಟ್ಟಿಯಾಗಿತ್ತು. ರಾಘವ ತನ್ನ ಹೆಸರನ್ನೇ ರಾಗಿಗೆ ಕೊಟ್ಟ. ಅದಕ್ಕೂ ಮೇಲೆ ಅಪೀಲು ಹೋಗೋಕೆ ಯಾವ ಕೋರ್ಟಿದೆ? ಆದರೂ ದೆಹಲಿಯವರು ಕಡತ ತೆರೆದು, ಸೋತವನ ಹೆಸರನ್ನು ಗೆದ್ದವನಿಗೆ ಬರೆದು, ಹಿಂದೆ ಒಂದು ‘ಶ್ರೀ’ ಸೇರಿಸಿದರು.

ಅದೇ 2023ರ ಸೆಪ್ಟೆಂಬರ್ 9ರ ರಾತ್ರಿ ಜಿ-20 ದೇಶಗಳ ದೊರೆಗಳಿಗೆ ದೆಹಲಿಯಲ್ಲಿ ಔತಣ. ಮೊದಲ ತಿಂಡಿಯ ಹೆಸರು ‘ಪಾತ್ರಂ’: ನವಣೆಯ ಗರಿಗರಿ ಎಲೆ, ಅದರ ಮೇಲೆ ಮೊಸರಿನ ಗುಂಡು. ಕೊನೆಯ ಸಿಹಿ ‘ಮಧುರಿಮಾ’: ಏಲಕ್ಕಿ ಹಾಕಿದ ಊದಲಿನ ಪಾಯಸ. ನಮ್ಮಜ್ಜಿಗೆ ಊದಲು ಅಂದರೆ ಮಳೆ ಕೈಕೊಟ್ಟ ವರ್ಷದ ಕೂಳು. ಬದುಕಿದ್ದು ಈ ಸುದ್ದಿ ಕೇಳಿದ್ದರೆ, ‘ಪಾಪ, ಅವರ ಕಡೆನೂ ಮಳೆ ಇಲ್ವಂತಾ?’ ಅಂತ ಕೇಳುತ್ತಿದ್ದಳು.

ನಮ್ಮ ಮನೆಯಲ್ಲಿ ಅನ್ನ ಇದ್ದದ್ದು ಹಬ್ಬಕ್ಕೆ, ಜ್ವರಕ್ಕೆ, ನೆಂಟರಿಗೆ. ಈ ಮೂರರಲ್ಲಿ ಜ್ವರವೇ ನಮಗೆ ಹೆಚ್ಚು ಇಷ್ಟ, ಯಾಕೆಂದರೆ ಅನ್ನವನ್ನು ಯಾರ ಜತೆಗೂ ಹಂಚಿಕೊಳ್ಳಬೇಕಿರಲಿಲ್ಲ. ಬೀದಿಯ ತಿರುವಿನಲ್ಲಿ ನೆಂಟರು ಕಂಡರೆ ಸಾಕು, ಅಮ್ಮ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಓಡಿ ಒಂದು ಸೇರು ಅಕ್ಕಿ ಸಾಲ ತರುತ್ತಿದ್ದಳು. ಅಷ್ಟರಲ್ಲಿ ಮುದ್ದೆ ಪಾತ್ರೆ ಒಲೆಯ ಹಿಂದೆ, ಮೊರದ ಮರೆಗೆ. ಕವೆಗೋಲನ್ನು ಎರಡೂ ಪಾದದಲ್ಲಿ ಅದುಮಿ, ಬೆವರು ಸುರಿಸಿ, ಒಂದು ಗಂಟೂ ಇಲ್ಲದಂತೆ ತಿರುವಿದ ಮುದ್ದೆ ಅದು. ಕದ್ದ ಮಾಲಿನ ಹಾಗೆ ಅಡಗಿ ಕೂತಿರುತ್ತಿತ್ತು.

ಮದುವೆ ಮಾತುಕತೆಯಲ್ಲಿ ‘ಹುಡುಗನ ಮನೇಲಿ ಮೂರು ಹೊತ್ತೂ ಅನ್ನ’ ಅಂದರೆ ಅದೇ ಆಸ್ತಿ ವಿವರ. ಬಸುರಿ ರಾಗಿ ತಿಂದರೆ ಮಗು ಕಪ್ಪಗೆ ಹುಟ್ಟುತ್ತೆ ಅಂತ ಹೇಳುವ ಸೋದರತ್ತೆಯಂತೂ ಪ್ರತಿ ಮನೆಯಲ್ಲೂ ಒಬ್ಬಳು ಇದ್ದಳು. ಈಗ ಮಂಡ್ಯದ ವಿ.ಸಿ. ಫಾರಂನವರು ಕೆಎಂಆರ್-340 ಅಂತ ಬಿಳಿ ರಾಗಿಯ ತಳಿಯನ್ನೇ ತೆಗೆದಿದ್ದಾರೆ. ವಿಜ್ಞಾನಿಗಳ ಶ್ರಮ ದೊಡ್ಡದು, ಬೇಕರಿಗೂ ಅನುಕೂಲ. ಆದರೂ ಆ ಸೋದರತ್ತೆ ಕೊನೆಗೂ ಗೆದ್ದಳಲ್ಲ ಅಂತ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಅಂದಿಗೂ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬಡವರು ತಿನ್ನುವಾಗ ಅದು ಕ್ಯಾಲ್ಸಿಯಂ ಆಗಿರಲಿಲ್ಲ ಅಷ್ಟೇ, ಬರೀ ಹಿಟ್ಟು ಆಗಿತ್ತು. ಅನ್ನ ತಿಂದು ತಿಂದು ಸಕ್ಕರೆ ಕಾಯಿಲೆ ಬರಿಸಿಕೊಂಡವರು ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ರಾಗಿಗೆ ಈ ಮರ್ಯಾದೆ ಬಂದದ್ದು. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ಟರು ಮುದ್ದೆಯೂ ಔಷಧಿ ಅಂತ ಹೊತ್ತಿಗೆ ಎರಡೆರಡು ತಿನ್ನುತ್ತಾರೆ. ರಾಗಿಯಲ್ಲೂ ಹೆಚ್ಚು ಪಾಲು ಪಿಷ್ಟವೇ ಸಾರ್ ಅಂದರೆ, “ಅದು ದೇಶೀ ಪಿಷ್ಟ ಕಣ್ರೀ” ಅನ್ನುತ್ತಾರೆ. ಮಗಳು ತಂದ ‘ರಾಗಿ ಕುಕೀಸ್’ ಪೊಟ್ಟಣ ತಿರುಗಿಸಿ ನೋಡಿದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ರಾಗಿ ನಾಲ್ಕನೆಯದು, ಮದುವೆ ಪತ್ರಿಕೆಯಲ್ಲಿ ‘ಇಂತಿ ಬಂಧು ಮಿತ್ರರು’ ಇದ್ದ ಹಾಗೆ.

ಹೋದ ಭಾನುವಾರ ಚಿಕ್ಕಮ್ಮನ ಮಗ ಹೆಂಡತಿಯನ್ನು ಕರೆದುಕೊಂಡು ಮಧ್ಯಾಹ್ನ ಹೇಳದೆ ಕೇಳದೆ ಬಂದ. ಆ ಹುಡುಗಿಗೆ ಡಯಟ್ಟು, ಜಿಮ್ಮು, ಕೈಗೆ ಹೆಜ್ಜೆ ಎಣಿಸುವ ವಾಚು. ಅಮ್ಮ ಲಗುಬಗೆಯಿಂದ ಕುಕ್ಕರಿನಲ್ಲಿ ಸೋನಾ ಮಸೂರಿ ಇಟ್ಟಳು. ತಟ್ಟೆ ತುಂಬ ಬಿಳಿ ಅನ್ನ ನೋಡಿ ಹುಡುಗಿಯ ಮುಖ ಸಣ್ಣಗಾಯಿತು.

“ಅತ್ತೆ, ನೀವು ಊರ ಕಡೆಯವರಲ್ವಾ, ಮುದ್ದೆ ಇರುತ್ತೆ ಅಂದ್ಕೊಂಡಿದ್ದೆ. ನಾವು ಈಗ ಮಿಲೆಟ್ಟೇ ತಿನ್ನೋದು.”

ಅಮ್ಮನ ಮುಖ ಕೆಂಪಾಯಿತು. “ಅಯ್ಯೋ, ಇಲ್ಲ ಕಣಮ್ಮ. ನಮ್ಮನೇಲಿ ಈಗ ಅದೆಲ್ಲ ಯಾರೂ ತಿನ್ನಲ್ಲ” ಅಂದು, ಇನ್ನೊಂದು ಸೌಟು ಅನ್ನ ಬಡಿಸಿದಳು.

ನೀರು ತರಲು ಅಡುಗೆಮನೆಗೆ ಹೋದೆ. ಗ್ಯಾಸ್ ಸಿಲಿಂಡರ್ ಹಿಂದೆ ಮುಚ್ಚಿಟ್ಟ ಪಾತ್ರೆಯಿಂದ ಇನ್ನೂ ಹಬೆ ಬರುತ್ತಿತ್ತು.